ಸುದ್ದಿ, ಸಮಾಜ ಮತ್ತು ಸ್ವಾಸ್ಥ್ಯ: ಮಾಸೂರಿನ ಕಟ್ಟೆಯಿಂದ ಒಂದು ವಿಮರ್ಶೆ

ಈಚಿನ ವರ್ಷಗಳಲ್ಲಿ ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿಯೂ, ಹೇಳಲು ಸಂಕೋಚವಾದರೂ, ಅಧ್ಯಾಪಕರ ಉಪನ್ಯಾಸಗಳಲ್ಲಿಯೂ ಒಂದು ಮಾತು ಪಲ್ಲವಿಯಂತೆ ಮರಳಿ ಮರಳಿ ಬರುತ್ತಿರುವುದನ್ನು ನಾವು ಗಮನಿಸಿದ್ದೇವೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ಶಾಂತಿಯಿತ್ತು. ಜನರು ಸಂಜೆ ಕಟ್ಟೆಗೆ ಕೂಡಿ ಸುಖದುಃಖ ಹಂಚಿಕೊಳ್ಳುತ್ತಿದ್ದರು. ದೂರದರ್ಶನ ಬಂದು ಕಟ್ಟೆಯನ್ನು ಬರಿದುಮಾಡಿತು, ಮೊಬೈಲು ಬಂದು ಮನೆಯನ್ನೂ ಬರಿದುಮಾಡಿತು. ಆದುದರಿಂದ ಇಂದಿನ ಮನುಷ್ಯನಿಗೆ ನಿದ್ರೆಯಿಲ್ಲ, ನೆಮ್ಮದಿಯಿಲ್ಲ. ಈ ವಾದದಲ್ಲಿ ಸ್ವಲ್ಪ ಸತ್ಯಾಂಶವಿಲ್ಲವೆಂದು ನಾವು ಹೇಳಲಾರೆವು. ಆದರೆ ಇತಿಹಾಸದ ವಿದ್ಯಾರ್ಥಿಗೆ ಇದು ಸಮಾಧಾನ ಕೊಡುವ ವಾದವಲ್ಲ. ಇದರಲ್ಲಿ ತೇದಿಗಳಿಲ್ಲ, ಊರುಗಳಿಲ್ಲ, ಮನುಷ್ಯರೂ ಇಲ್ಲ. ಯಾವ ಕಟ್ಟೆ, ಅಲ್ಲಿ ಯಾರು ಕೂಡ್ರುತ್ತಿದ್ದರು, ಯಾರು ಕೂಡ್ರುತ್ತಿರಲಿಲ್ಲ ಎಂಬ ಪ್ರಶ್ನೆಗಳನ್ನು ಅದು ಕೇಳುವುದೇ ಇಲ್ಲ. ಪ್ರಕೃತ ಲೇಖನದಲ್ಲಿ ನಮಗೆ ಪರಿಚಿತವಾದ ಒಂದೇ ಊರನ್ನು ಇಟ್ಟುಕೊಂಡು ಈ ಪ್ರಶ್ನೆಗಳನ್ನು ಕೇಳಬೇಕೆಂದಿದ್ದೇವೆ. ಆ ಊರು ಹಿರೇಕೆರೂರು ಸೀಮೆಯ ಮಾಸೂರು. ಅದು ನಮ್ಮ ಹುಟ್ಟೂರು. ನಮ್ಮ ತಾಯಿಯವರು ಈಗಲೂ ಅಲ್ಲಿಯೇ ಇದ್ದಾರೆ. ಆದ್ದರಿಂದ ನಮ್ಮ ಬರಹದಲ್ಲಿ ಪಕ್ಷಪಾತ ಕಂಡರೆ ವಾಚಕರು ಅದನ್ನು ಕಳೆದು ಓದಬೇಕು.

ಮೊದಲು ನಡೆದ ಸಂಗತಿಯೊಂದನ್ನು ಹೇಳುವುದು ಅಗತ್ಯ. ಈ ಲೇಖನ ಹುಟ್ಟಿದ್ದು ಅದರಿಂದಲೇ.

2018ರ ಬೇಸಿಗೆಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಕರ್ನಾಟಕದ ತುಂಬ ಹರಡಿತ್ತು. ಆ ಮೇ ತಿಂಗಳಲ್ಲಿಯೇ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ತರುಣನೊಬ್ಬನು ಈ ಸಂಶಯಕ್ಕೆ ಬಲಿಯಾಗಿ ಗುಂಪಿನ ಪೆಟ್ಟಿನಿಂದ ಸತ್ತನು. ಅದೇ ದಿನಗಳಲ್ಲಿ ನಾವು ರಜೆಗೆಂದು ಮಾಸೂರಿಗೆ ಹೋಗಿದ್ದೆವು. ಒಂದು ಬೆಳಗ್ಗೆ ನಮ್ಮ ಮೊಬೈಲಿಗೆ ಒಂದು ಸಂದೇಶ ಬಂದಿತು. ನೆರೆಯ ತಾಲೂಕಿನಲ್ಲಿ ಇಬ್ಬರು ಹುಡುಗರನ್ನು ಒಯ್ದಿದ್ದಾರೆ, ವೇಷ ಹಾಕಿದ ಭಿಕ್ಷುಕರನ್ನು ಊರೊಳಗೆ ಬಿಡಬೇಡಿರಿ ಎಂದು ಅದರಲ್ಲಿತ್ತು. ಅದನ್ನು ನಾವು ಪೂರ್ತಿ ನಂಬಿದೆವೆಂದಲ್ಲ. ಆದರೂ ಹಿರೇಕೆರೂರಿನಲ್ಲಿದ್ದ ನಮ್ಮ ತಂಗಿಗೆ ಅದನ್ನು ಕಳಿಸಿದೆವು. ಅವಳಿಗೆ ಚಿಕ್ಕ ಮಕ್ಕಳಿದ್ದರು. ಸ್ನಾತಕೋತ್ತರ ಪದವಿಯಲ್ಲಿ ಎರಡು ವರ್ಷ ಆಧಾರಗಳ ವಿಮರ್ಶೆಯನ್ನು ಓದಿದ ಮನುಷ್ಯನು, ಕರ್ತೃವಿಲ್ಲದ, ಕಾಲವಿಲ್ಲದ, ಸ್ಥಳವಿಲ್ಲದ ಬರಹವೊಂದನ್ನು ಹಲ್ಲುಜ್ಜುವ ಹೊತ್ತಿನಲ್ಲಿಯೇ ಮುಂದಕ್ಕೆ ದಾಟಿಸಿದನು.

ಮಧ್ಯಾಹ್ನದ ಹೊತ್ತಿಗೆ ಅಗಸಿಯ ಹತ್ತಿರ ಗದ್ದಲ ಕೇಳಿಸಿತು. ಹೋಗಿ ನೋಡಿದಾಗ ಇಬ್ಬರು ಅಪರಿಚಿತರನ್ನು ಹುಡುಗರು ಸುತ್ತುಗಟ್ಟಿದ್ದರು. ಅವರ ಹೆಗಲಿನ ಚೀಲವನ್ನು ಒಬ್ಬನು ಹಿಡಿದೆಳೆಯುತ್ತಿದ್ದನು. ಇನ್ನೊಬ್ಬನು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದನು. ನಾವು ಗುಂಪಿನ ಅಂಚಿನಲ್ಲಿ ನಿಂತೆವು. ಮಾತಾಡಲಿಲ್ಲ. ಮಾತಾಡಿದವರು ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ವೃದ್ಧರು. ಅವರು ಎದ್ದೂ ಬರಲಿಲ್ಲ, ಕುಳಿತಲ್ಲಿಂದಲೇ ಕೇಳಿದರು: "ಯಾವ ಊರಾಗ ಹುಡುಗನ್ನ ಒಯ್ದಾರ? ಯಾರ ಹುಡುಗ? ನೀ ಕಂಡಿಯೇನು?" ಹುಡುಗರಲ್ಲಿ ಒಬ್ಬನು ಮೊಬೈಲು ಎತ್ತಿ ತೋರಿಸಿದನು. "ಅದು ಯಾರು ಬರದಾರ?" ಎಂದು ವೃದ್ಧರು ಮತ್ತೆ ಕೇಳಿದರು. ಅದಕ್ಕೆ ಯಾರಲ್ಲಿಯೂ ಉತ್ತರವಿರಲಿಲ್ಲ. ಆಮೇಲೆ ಚೀಲ ಬಿಚ್ಚಿಸಿದಾಗ ಹೊರಗೆ ಬಂದದ್ದು ಬಟ್ಟೆಯಲ್ಲಿ ಸುತ್ತಿದ ದಪ್ಪನೆಯ ಹೊತ್ತಗೆ. ಬಂದವರು ಹೆಳವರು. ಮನೆತನಗಳ ವಂಶಾವಳಿಯನ್ನು ಬರೆದಿಟ್ಟುಕೊಂಡು ಒಕ್ಕಲುಗಳ ಮನೆಗಳಿಗೆ ಬಂದು ಓದಿ ಹೇಳಿ, ಕಾಳುಕಡಿ ಪಡೆದು ಹೋಗುವುದು ಅವರ ಪರಂಪರಾಗತ ವೃತ್ತಿ. ಕೆಲವು ವರ್ಷಗಳಿಂದ ಆ ಕಡೆಗೆ ಬಂದಿರಲಿಲ್ಲವಾಗಿ ಹುಡುಗರಿಗೆ ಅವರ ಗುರುತಿರಲಿಲ್ಲ. ಚೀಲ ಎಳೆದಿದ್ದ ಹುಡುಗನ ಮನೆತನದ ಹೆಸರು ಆ ಹೊತ್ತಗೆಯಲ್ಲಿತ್ತೋ ಇಲ್ಲವೋ ನಾವು ತಿಳಿಯೆವು. ಅದನ್ನು ಯಾರೂ ಓದಿಸಲಿಲ್ಲ. ಗುಂಪು ಕರಗಿತು. ಅವರಿಬ್ಬರೂ ಅಂದು ಯಾವ ಮನೆಗೂ ಹೋಗದೆ ಮುಂದಿನ ಬಸ್ಸಿಗೆ ಹೊರಟುಹೋದರು.

ಎರಡು ತಿಂಗಳ ನಂತರ, ಜುಲೈ 13 ರಂದು, ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೀಗೆ ಕೇಳುವವರು ಯಾರೂ ಇರಲಿಲ್ಲ, ಅಥವಾ ಕೇಳಿದವರ ಮಾತು ನಡೆಯಲಿಲ್ಲ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟರೆಂಬುದೇ ಸಂಶಯಕ್ಕೆ ಸಾಕಾಯಿತು. ಅವರ ಕಾರು ತಲುಪುವುದಕ್ಕೆ ಮೊದಲೇ ವಾಟ್ಸಾಪಿನ ಮೂಲಕ ಸುದ್ದಿ ಮುರ್ಕಿಗೆ ತಲುಪಿತ್ತು. ರಸ್ತೆ ಕಟ್ಟಿ ಹೊಡೆದರು. ತಂತ್ರಜ್ಞನಾಗಿದ್ದ ಒಬ್ಬ ತರುಣನು ಸತ್ತನು. ಅದೇ ತಿಂಗಳು ಆ ಕಂಪನಿಯವರು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಸಾಗಿಸಲಾಗದಂತೆ ಕಟ್ಟು ಹಾಕುವುದಾಗಿ ಪ್ರಕಟಿಸಿದರು. ನಾವು ಆ ಬೆಳಗ್ಗೆ ಕಳಿಸಿದ್ದು ಒಂದೇ ಕಡೆಗೆ ಎಂಬುದನ್ನು ಇಲ್ಲಿ ನೆನೆಯಬೇಕಾಗುತ್ತದೆ. ಐದರ ಕಟ್ಟು ನಮ್ಮನ್ನು ತಡೆಯುತ್ತಿರಲಿಲ್ಲ.

ಸುಳ್ಳು ಸುದ್ದಿಯು ಮೊಬೈಲಿನ ಸೃಷ್ಟಿಯೆಂಬ ಮಾತನ್ನು ಮಾಸೂರಿನವರಾದರೂ ಹೇಳಬಾರದು. ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ. ಸರ್ವಜ್ಞನ ತಂದೆಯಾದ ಬಸವರಸನು ಮಾಸೂರಿನವನೆಂದೂ, ತಾಯಿ ಅಂಬಲೂರಿನ, ಎಂದರೆ ಇಂದಿನ ಅಬಲೂರಿನ, ಕುಂಬಾರ ಮನೆತನದ ಮಾಳಿಯೆಂದೂ ಪ್ರತೀತಿಯಿದೆ. ಈ ಪ್ರತೀತಿಗೆ ಆಧಾರ ಸರ್ವಜ್ಞನ ಹೆಸರಿನಲ್ಲಿರುವ ಪದ್ಯಗಳೇ. ಆ ಜನ್ಮವೃತ್ತಾಂತದ ಪದ್ಯಗಳು ಅವನವೇ ಅಥವಾ ಅನಂತರ ಸೇರಿದವೇ ಎಂದು ಸಂದೇಹಪಡುವ ವಿದ್ವಾಂಸರಿದ್ದಾರೆ. ಅವನ ಕಾಲವೂ ನಿಷ್ಕರ್ಷೆಯಾಗಿಲ್ಲ. ಅವನು ಕೋಟಿಗಟ್ಟಲೆ ವಚನ ಹೇಳಿದನೆಂಬ ಉತ್ಪ್ರೇಕ್ಷೆ ಒಂದು ಕಡೆಗೆ. ಎರಡು ಸಾವಿರದಷ್ಟು ತ್ರಿಪದಿಗಳು ಅವನ ಹೆಸರಿನಲ್ಲಿ ಸಿಕ್ಕುತ್ತವೆಂಬ ವಾಸ್ತವ ಇನ್ನೊಂದು ಕಡೆಗೆ. ಅವುಗಳಲ್ಲಿ ಒಂದನ್ನೊಂದು ಅಲ್ಲಗಳೆಯುವ ಮಾತುಗಳಿವೆ. ಜಾತಿಯನ್ನು ತಿರಸ್ಕರಿಸುವ ಪದ್ಯಗಳ ಬದಿಗೆ ಜಾತಿ ಹಿಡಿದು ಜರೆಯುವ ಪದ್ಯಗಳಿವೆ. ಸತಿಯನ್ನು ಹೊಗಳುವವುಗಳ ಬದಿಗೆ ಹೆಂಗಸರನ್ನು ಹಳಿಯುವವುಗಳಿವೆ. ಇದೆಲ್ಲ ಒಬ್ಬನ ಬಾಯಿಂದ ಬಂದಿರಬಹುದು. ಮನುಷ್ಯನು ಅಷ್ಟು ಏಕಮುಖಿಯಲ್ಲ. ಆದರೆ ಮೂರು ಸಾಲು ಕಟ್ಟಿ ಕೊನೆಗೆ ಆ ಮೂರಕ್ಷರ ಸೇರಿಸಿಬಿಟ್ಟರೆ ಯಾವ ಮಾತಿಗಾದರೂ ಸರ್ವಜ್ಞನ ಅಧಿಕಾರ ಬರುತ್ತಿತ್ತೆಂಬುದು ಇದಕ್ಕಿಂತ ಸುಲಭವಾದ ವಿವರಣೆ. ನೆರೆಯವನ ಮೇಲಿನ ಸಿಟ್ಟನ್ನು ತನ್ನ ಹೆಸರಿನಲ್ಲಿ ಹೇಳಲಾರದವನು ಅವನ ಅಂಕಿತದಲ್ಲಿ ಹೇಳಿದನು. ಕೇಳಿದವನು ಅದನ್ನು ಮುಂದಿನ ಊರಿಗೆ ದಾಟಿಸಿದನು. ಇಂದು ನಾವು ಮಾಡುವುದೂ ಇದನ್ನೇ ಅಲ್ಲವೇ?

ವ್ಯತ್ಯಾಸವಿದೆ. ಅದನ್ನು ಕಂಡುಕೊಳ್ಳಲು ಉತ್ತಂಗಿ ಚನ್ನಪ್ಪನವರ ಕಡೆಗೆ ತಿರುಗಬೇಕು. ಕ್ರೈಸ್ತ ಪಾದ್ರಿಗಳಾಗಿದ್ದ ಅವರು ಓಲೆಯ ಪ್ರತಿಗಳನ್ನೂ ಜನರ ಬಾಯಿಪಾಠವನ್ನೂ ವರ್ಷಗಟ್ಟಲೆ ಕೂಡಿಹಾಕಿ, ಹೋಲಿಸಿ, ವಿಷಯಾನುಸಾರವಾಗಿ ಅಳವಡಿಸಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಕನ್ನಡಿಗರು 1949ರ ಕಲಬುರ್ಗಿಯ ಸಾಹಿತ್ಯ ಸಮ್ಮೇಲನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಅವರ ನಿರ್ಣಯಗಳೆಲ್ಲ ಇಂದಿಗೂ ನಿಲ್ಲುತ್ತವೆಂದು ನಮ್ಮ ಅಭಿಪ್ರಾಯವಲ್ಲ. ಅವರ ಕೆಲಸದ ಬೆಲೆ ಬೇರೆ ಕಡೆಗಿದೆ. ಪದ್ಯವು ಇಂಥ ಕಡೆಯಿಂದ ಬಂದಿತು, ಇನ್ನೊಂದು ಕಡೆಯಲ್ಲಿ ಹೀಗಿದೆ ಎಂದು ಹೋಲಿಸಿ ನೋಡುವ ತಾಳ್ಮೆ, ತಾನು ಪ್ರೀತಿಸುವ ಕವಿಯ ಹೆಸರಿನಲ್ಲಿ ಬಂದದ್ದನ್ನೂ ಸಂದೇಹಿಸುವ ಧೈರ್ಯ, ಇವು ಅವರಲ್ಲಿದ್ದವು. ಸಂದೇಹಿಸುವುದಕ್ಕೆ ಅವರಿಗೆ ವರ್ಷಗಳ ಅವಕಾಶವೂ ಸಿಕ್ಕಿತು. ಮುರ್ಕಿಯಲ್ಲಿ ಸಿಕ್ಕಿದ್ದು ನಿಮಿಷಗಳು. ಬಾಯಿಂದ ಬಾಯಿಗೆ ಹೋಗುತ್ತಿದ್ದ ತ್ರಿಪದಿಯು ಪ್ರತಿ ಊರಿನಲ್ಲಿಯೂ ಯಾರಾದರೊಬ್ಬನ ಮುಖದ ಎದುರಿಗೆ ಹೇಳಲ್ಪಡಬೇಕಾಗಿತ್ತು. ಆ ಮುಖವು ನಗಬಹುದಾಗಿತ್ತು, ಹುಬ್ಬು ಗಂಟಿಕ್ಕಬಹುದಾಗಿತ್ತು, "ನೀ ಕಂಡಿಯೇನು" ಎನ್ನಬಹುದಾಗಿತ್ತು. ಅದು ಸುಳ್ಳನ್ನು ತಡೆಯಿತೆಂದಲ್ಲ, ನಿಧಾನಗೊಳಿಸಿತು.

ಇಲ್ಲಿ ಒಂದು ಆಕ್ಷೇಪವನ್ನು ಮುಂಚಿತವಾಗಿಯೇ ಎತ್ತಿಕೊಳ್ಳಬೇಕು. ಬಾಯಿಮಾತನ್ನು ಬಿಡಿರಿ, ಕಲ್ಲಿನ ಬರಹವಾದರೂ ನಂಬತಕ್ಕದ್ದಲ್ಲವೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಶಾಸನದಲ್ಲಿ ದಾನ ಕೊಟ್ಟವನ ಹೆಸರಿರುತ್ತದೆ; ಎಷ್ಟೋ ಶಾಸನಗಳಲ್ಲಿ ಬರೆದವನ, ಕಂಡರಿಸಿದವನ ಹೆಸರುಗಳೂ ಇರುತ್ತವೆ; ಶಕವರ್ಷ, ತಿಥಿ, ವಾರಗಳಿರುತ್ತವೆ. ಈ ದೃಷ್ಟಿಯಿಂದ ಶಾಸನವು ಇಂದಿನ ಸಂದೇಶಕ್ಕಿಂತ ಎಷ್ಟೋ ಪ್ರಾಮಾಣಿಕ. ಆದರೆ ಅದೇ ಅಬಲೂರಿಗೆ ಹೋಗಿ ನೋಡಿರಿ. ಅಲ್ಲಿಯ ದೇವಾಲಯದಲ್ಲಿ ಕ್ರಿ. ಶ. 1200ರ ಸುಮಾರಿನದೆಂದು ಎಣಿಸಲಾಗುವ, ಫ್ಲೀಟರು ಸಂಪಾದಿಸಿ ಪ್ರಕಟಿಸಿದ ದೀರ್ಘ ಶಾಸನವಿದೆ. ಏಕಾಂತದ ರಾಮಯ್ಯನು ಜೈನರೊಡನೆ ಪಂಥ ಕಟ್ಟಿ ತಲೆಯನ್ನು ಕೊಯ್ದುಕೊಂಡು ಮರಳಿ ಪಡೆದ ಕಥೆ, ಬಿಜ್ಜಳನು ಅವನಿಗೆ ಜಯಪತ್ರ ಕೊಟ್ಟ ಕಥೆ ಅದರಲ್ಲಿದೆ. ಜಿನಮೂರ್ತಿಯನ್ನು ಒಡೆಯುವ ಚಿತ್ರವನ್ನು ಕಲ್ಲಿನಲ್ಲಿ ಕೊರೆದು ಕೆಳಗೆ ಕನ್ನಡದಲ್ಲಿ ವಿವರಣೆಯನ್ನೂ ಬರೆದಿದ್ದಾರೆ. ಓದಲು ಬಾರದವನಿಗೂ ತಿಳಿಯಲೆಂದು ಚಿತ್ರ, ಓದಬಲ್ಲವನಿಗೆ ಬರಹ! ಸೋತವರ ಕಥೆ ಮಾತ್ರ ಆ ಗೋಡೆಯ ಮೇಲಿಲ್ಲ. ಹೆಸರು ತೇದಿಗಳಿದ್ದ ಮಾತ್ರಕ್ಕೆ ಸುದ್ದಿಯು ನಿಷ್ಪಕ್ಷಪಾತವಾಗದು. ಆದರೆ ಯಾರ ಪಕ್ಷ ಎಂಬುದು ತಿಳಿಯುತ್ತದೆ. ಎಂಟು ನೂರು ವರ್ಷಗಳ ಮೇಲೆಯೂ ನಾವು ಆ ಶಾಸನದೊಡನೆ ವಾದಿಸಬಲ್ಲೆವು. ನಮ್ಮ ತಂಗಿಗೆ ಕಳಿಸಿದ ಸಂದೇಶದೊಡನೆ ವಾದಿಸುವುದು ಹೇಗೆ?

ಯಂತ್ರದ ಮೂಲಕ ಬಂದ ಸುದ್ದಿಯನ್ನೂ ಕೂಡಿ ಕೇಳಿದ ಕಾಲವೊಂದಿತ್ತೆಂಬುದನ್ನು ನಮ್ಮ ಪೀಳಿಗೆ ಮರೆತಿದೆ. ಧಾರವಾಡದ ಆಕಾಶವಾಣಿ ಕೇಂದ್ರವು 1950ರ ಜನವರಿ 8 ರಂದು ಆರಂಭವಾಯಿತು. ಆಗ ಮಾಸೂರು ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಅದೇ ಮುಂಬಯಿ ರಾಜ್ಯದಲ್ಲಿ, ನಮ್ಮ ಕಡೆಗಲ್ಲ, ಮರಾಠಿ ಭಾಷೆಯ ಐದು ಜಿಲ್ಲೆಗಳಲ್ಲಿ, 1956ರಲ್ಲಿ ಯುನೆಸ್ಕೋ ಸಂಸ್ಥೆಯ ನೆರವಿನಿಂದ ಪುಣೆಯ ಕೇಂದ್ರವು ಒಂದು ಪ್ರಯೋಗ ನಡೆಸಿತು. ಸುಮಾರು 150 ಹಳ್ಳಿಗಳಲ್ಲಿ ಇಪ್ಪತ್ತರಷ್ಟು ಜನರ ಗುಂಪುಗಳನ್ನು ಮಾಡಿ, ವಾರಕ್ಕೆರಡು ಬಾರಿ ಬಾನುಲಿಯ ಕಾರ್ಯಕ್ರಮವನ್ನು ಕೂಡಿ ಕೇಳುವುದು, ಕೇಳಿದ ಮೇಲೆ ಅದನ್ನು ಚರ್ಚಿಸುವುದು, ಉಳಿದ ಪ್ರಶ್ನೆಗಳನ್ನು ಬರೆದು ಕೇಂದ್ರಕ್ಕೆ ಕಳಿಸುವುದು, ಹೀಗೆ ಅದರ ಕ್ರಮ. ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯವರು ಅದನ್ನು ಪರೀಕ್ಷಿಸಿದರು. ಕೂಡಿ ಚರ್ಚಿಸಿದ ಹಳ್ಳಿಗಳಲ್ಲಿ ತಿಳಿವಳಿಕೆ ಗಮನಾರ್ಹವಾಗಿ ಹೆಚ್ಚಿತೆಂದು ಕಂಡುಬಂದಿತು. 1959ರಲ್ಲಿ ಈ ಕ್ರಮವನ್ನು ದೇಶಕ್ಕೆಲ್ಲ ವಿಸ್ತರಿಸಿದರು. ಕೆಲವೇ ವರ್ಷಗಳಲ್ಲಿ ಟ್ರಾನ್ಸಿಸ್ಟರು ಬಂದು ಬಾನುಲಿಯು ಪಂಚಾಯತಿಯ ಕೋಣೆಯಿಂದ ಒಬ್ಬೊಬ್ಬರ ಕೈಚೀಲಕ್ಕೆ ಇಳಿಯಿತು.

ದೂರದರ್ಶನಕ್ಕೂ ಇದೇ ಗತಿಯಾಯಿತು. 1975ರ ಆಗಸ್ಟ್ 1 ರಿಂದ 1976ರ ಜುಲೈ 31ರ ವರೆಗೆ ಅಮೇರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ 2400 ಹಳ್ಳಿಗಳಲ್ಲಿ ದೂರದರ್ಶನವನ್ನು ಸಾಮೂಹಿಕವಾಗಿ ತೋರಿಸಿದರು. ಕರ್ನಾಟಕದಲ್ಲಿ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಮುಂಜಾನೆ ಶಾಲೆಯ ಮಕ್ಕಳಿಗೆ, ಸಂಜೆ ಊರಿಗೆಲ್ಲ. ವರ್ಷ ಮುಗಿದೊಡನೆ ಉಪಗ್ರಹವು ಹೊರಟುಹೋಯಿತು. ಮುಂದೆ ದೂರದರ್ಶನವು ಹಳ್ಳಿಗೆ ಬಂದಾಗ ಉಳ್ಳವರ ಪಡಸಾಲೆಗೆ ಬಂದಿತು; ಉಳಿದವರು ಕಿಟಕಿಯಿಂದ ನೋಡಿದರು. ಆಮೇಲಿನದು ವಾಚಕರಿಗೆ ಗೊತ್ತಿದ್ದುದೇ.

ಇಷ್ಟನ್ನು ಓದಿ, ಲೇಖಕರು ಕಟ್ಟೆಯ ಕಾಲಕ್ಕೆ ಮರಳಿರೆಂದು ಹೇಳುತ್ತಿದ್ದಾರೆಂದು ಯಾರಾದರೂ ತಿಳಿದರೆ ಅದು ನಮ್ಮ ಆಶಯಕ್ಕೆ ವಿರುದ್ಧ. ಅಂದು ಮಾಸೂರಿನಲ್ಲಿ ಪ್ರಶ್ನೆ ಕೇಳಿದ ವೃದ್ಧರು ಗಂಡಸರು, ಜಮೀನುಳ್ಳವರು, ಊರಿನ ಪ್ರಬಲ ಜಾತಿಗೆ ಸೇರಿದವರು. ಅವರ ಮಾತಿಗೆ ಗುಂಪು ನಿಂತಿತು. ಅದೇ ಪ್ರಶ್ನೆಯನ್ನು ಕೇರಿಯ ಒಬ್ಬ ಹೆಣ್ಣುಮಗಳು ಕೇಳಿದ್ದರೆ ಹುಡುಗರು ತಿರುಗಿ ನೋಡುತ್ತಿದ್ದರೇ? ಅವಳು ಆ ಕಟ್ಟೆಯನ್ನು ಏರುವ ಪ್ರಸಂಗವೇ ಬಾರದು. ನಮ್ಮ ತಾಯಿಯವರು ಮಾಸೂರಿಗೆ ಸೊಸೆಯಾಗಿ ಬಂದು ನಲವತ್ತು ವರ್ಷಗಳ ಮೇಲಾಯಿತು. ಕಟ್ಟೆಯ ಮೇಲೆ ಒಂದು ದಿನವೂ ಕುಳಿತವರಲ್ಲ. ಕಟ್ಟೆಯ ಸುದ್ದಿ ಅವರಿಗೆ ನಮ್ಮ ತಂದೆಯವರ ಮೂಲಕ, ತಂದೆಯವರಿಗೆ ಹೇಳಬೇಕೆನಿಸಿದಷ್ಟು, ತಲುಪುತ್ತಿತ್ತು. ಈಗ ಅವರು ತಮ್ಮ ತವರಿನವರೊಡನೆ ಯಾರ ಅಪ್ಪಣೆಯೂ ಇಲ್ಲದೆ ಮಾತನಾಡುತ್ತಾರೆ; ಗೋವಿನಜೋಳದ ಧಾರಣೆಯನ್ನು ತಾವೇ ನೋಡಿಕೊಳ್ಳುತ್ತಾರೆ, ದಲಾಲಿಯ ಮಾತನ್ನು ಅಲ್ಲಗಳೆಯುತ್ತಾರೆ. 2020ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಆ ಮೊಬೈಲು ಇಲ್ಲದಿದ್ದರೆ ಅವರ ಗತಿ ಏನಾಗುತ್ತಿತ್ತೋ ಊಹಿಸಲಾರೆವು. ಕಟ್ಟೆ ಬರಿದಾಯಿತೆಂದು ಪ್ರಬಂಧ ಬರೆಯುವವರು ಬಹುಮಟ್ಟಿಗೆ ಕಟ್ಟೆಯ ಮೇಲೆ ಜಾಗವಿದ್ದವರೇ ಆಗಿರುವುದು ಆಕಸ್ಮಿಕವಲ್ಲ.

ಆದರೂ ಅದೇ ತಾಯಿಯವರು 2018ರ ಆ ಬೇಸಿಗೆಯ ನಂತರ ಮೊಮ್ಮಕ್ಕಳನ್ನು ಕುಮುದ್ವತಿಯ ದಂಡೆಗೆ ಕಳಿಸುವುದನ್ನು ನಿಲ್ಲಿಸಿದರು. ಸಂಜೆಯಾಗುತ್ತಲೇ ಮುಂಬಾಗಿಲಿಗೆ ಅಗಳಿ ಹಾಕತೊಡಗಿದರು. ಮಾಸೂರಿನಲ್ಲಿ ಒಂದು ಮಗುವೂ ಕಳುವಾಗಿರಲಿಲ್ಲ. ಆ ಸುದ್ದಿ ಸುಳ್ಳೆಂದು ನಾವು ತಿಳಿಸಿ ಹೇಳಿದೆವು. "ಸುಳ್ಳಿರಬಹುದಪ್ಪ, ಆದರ ಎದ್ಯಾಗ ಕುಂತೈತಿ" ಎಂದರು. ಈ ಒಂದು ಮಾತಿಗೆ ನಮ್ಮಲ್ಲಿ ಇಂದಿಗೂ ಉತ್ತರವಿಲ್ಲ. ಸುಳ್ಳನ್ನು ತಿದ್ದಬಹುದು, ಅದು ತಂದ ಭಯವನ್ನು ಹಿಂದಕ್ಕೆ ಕರೆಯಲು ಬಾರದು. ಅವರಿಗೆ ಆ ಭಯವನ್ನು ತಲುಪಿಸಿದವರು ಯಾರೆಂಬುದನ್ನು ನಾವು ಬಹಳ ದಿನ ಕೇಳಲಿಲ್ಲ. ಕಡೆಗೊಮ್ಮೆ ಕೇಳಿದಾಗ, ತಂಗಿ ತೋರಿಸಿದಳೆಂದರು.

ಸ್ವಸ್ಥ ಎಂಬ ಶಬ್ದಕ್ಕೆ ತನ್ನಲ್ಲಿ ತಾನು ನೆಲೆನಿಂತವನು ಎಂದು ವ್ಯುತ್ಪತ್ತಿ. ಈ ಅರ್ಥವನ್ನು ಹಿಡಿದು, ಹೊರಗಿನ ಸುದ್ದಿಯಿಂದ ದೂರವಿರುವವನೇ ಸ್ವಸ್ಥನೆಂದು ಉಪದೇಶಿಸುವವರು ಬಹಳ ಜನ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿ ತಂತ್ರಜ್ಞಾನದ ಹಿತಮಿತ ಬಳಕೆಗೆಂದೇ ಒಂದು ಚಿಕಿತ್ಸಾಲಯವನ್ನು ತೆರೆಯಿತು. 2022ರ ಅಕ್ಟೋಬರಿನಿಂದ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೂ ಮನೋವೈದ್ಯಕೀಯ ಸಲಹೆ ಪಡೆಯುವ ಏರ್ಪಾಡು ನಡೆದಿದೆ. ಇವು ಆದರಣೀಯ ಕಾರ್ಯಗಳು. ಮೊಬೈಲಿನಲ್ಲಿ ರಾತ್ರಿಗಳನ್ನು ಕಳೆದುಕೊಂಡ ತರುಣರಿಗೆ ಇವುಗಳಿಂದ ಆಗುವ ಉಪಕಾರವನ್ನು ನಾವು ಕಡೆಗಣಿಸುವುದಿಲ್ಲ. ಆದರೆ ನಮ್ಮ ತಾಯಿಯವರು ದಿನಕ್ಕೆ ಅರ್ಧ ತಾಸು ಸಹ ಮೊಬೈಲು ನೋಡುವವರಲ್ಲ. ತಾಸುಗಳ ಲೆಕ್ಕದಿಂದ ಅಳೆಯುವ ಯಾವ ಅಳತೆಗೋಲಿಗೂ ಅವರ ಅಸ್ವಾಸ್ಥ್ಯ ಸಿಕ್ಕದು. ಸುದ್ದಿಯನ್ನು ಎಷ್ಟು ಹೊತ್ತು ಕೇಳಿದರೆಂಬುದಕ್ಕಿಂತ, ಕೇಳಿದಾಗ ಬದಿಯಲ್ಲಿ ಯಾರಿದ್ದರು, ಕೇಳಿದ್ದನ್ನು ಯಾರೊಡನೆ ಪರೀಕ್ಷಿಸಿದರು ಎಂಬುದೇ ಹೆಚ್ಚು ಮುಖ್ಯವೆಂದು ನಮಗೆ ತೋರುತ್ತದೆ. ಬಾಗಿಲು ಹಾಕಿಕೊಂಡು ಒಬ್ಬರೇ ಕೇಳಿದ ಭಯದ ಸುದ್ದಿಯು ಹಳಸುವುದಿಲ್ಲ.

ಇತಿಹಾಸಕ್ಕೆ ಈ ವಿಷಯದಲ್ಲಿ ಮಾಡಬೇಕಾದ ಕೆಲಸವೊಂದಿದೆ, ಮತ್ತು ಅದು ತೀರ ಸಾಮಾನ್ಯವಾದ ಕೆಲಸ. 2024ರ ನವೆಂಬರಿನಲ್ಲಿ ಹಾವೇರಿ ಜಿಲ್ಲೆಯ ರೈತನೊಬ್ಬನ ಆತ್ಮಹತ್ಯೆಯನ್ನು ಆಗ ನಡೆದಿದ್ದ ಭೂವಿವಾದದೊಡನೆ ಜೋಡಿಸಿದ ವಾರ್ತೆ ದೇಶದ ತುಂಬ ಓಡಾಡಿತು. ಜಿಲ್ಲೆಯ ಪೊಲೀಸರು ಸ್ಪಷ್ಟಪಡಿಸಿದ್ದೇನೆಂದರೆ ಆ ಸಾವು 2022ರ ಜನವರಿಯದು. ಸಾಲ ಮತ್ತು ಬೆಳೆಯ ಹಾನಿ ಅದರ ಕಾರಣ. ಸಾವು ಸುಳ್ಳಲ್ಲ. ರೈತನೂ ಸುಳ್ಳಲ್ಲ. ತೇದಿಯೊಂದು ತಪ್ಪಿತು, ಅಷ್ಟರಿಂದಲೇ ಒಂದು ಮನೆಯ ದುಃಖವು ಇನ್ನಾರದೋ ಜಗಳದ ಸಾಕ್ಷಿಯಾಗಿ ಹೋಯಿತು. ಸಾಲದಿಂದ ಸತ್ತವನ ಸಾಲದ ಮಾತು ಆ ಗದ್ದಲದಲ್ಲಿ ಯಾರಿಗೂ ಬೇಕಾಗಲಿಲ್ಲ. ತೇದಿಗಳನ್ನು ಬಾಯಿಪಾಠ ಮಾಡಿಸುವ ಶುಷ್ಕ ಶಾಸ್ತ್ರವೆಂದು ನಮ್ಮ ವಿಷಯವನ್ನು ಪರಿಹಾಸ ಮಾಡುವ ಸಹೋದ್ಯೋಗಿಗಳಿಗೆ ನಾವು ಈಚೆಗೆ ಈ ಉದಾಹರಣೆಯನ್ನು ಕೊಡುತ್ತಿದ್ದೇವೆ.

ಕಳೆದ ವರ್ಷ ಸರ್ವಜ್ಞ ಜಯಂತಿಯ ನಿಮಿತ್ತ ನಮ್ಮ ತರಗತಿಯಲ್ಲಿ ಒಂದು ಸಣ್ಣ ಪರೀಕ್ಷೆ ನಡೆಸಿದೆವು. ತಮ್ಮ ಮೊಬೈಲುಗಳಿಗೆ ಸರ್ವಜ್ಞನ ಹೆಸರಿನಲ್ಲಿ ಬಂದ ಪದ್ಯಗಳನ್ನು ವಿದ್ಯಾರ್ಥಿಗಳು ಬರೆದು ತರಬೇಕು, ಗ್ರಂಥಾಲಯದ ಮುದ್ರಿತ ಸಂಕಲನಗಳಲ್ಲಿ ಅವುಗಳನ್ನು ಹುಡುಕಬೇಕು ಎಂಬುದಷ್ಟೇ ಅದರ ನಿಯಮ. ಕೆಲವು ಸಿಕ್ಕವು; ಹಲವು ಸಿಕ್ಕಲಿಲ್ಲ. ಒಂದರಲ್ಲಂತೂ ಮೋಟಾರು ಗಾಡಿಯ ಪ್ರಸ್ತಾಪವಿತ್ತು, ತರಗತಿಯೆಲ್ಲ ನಕ್ಕಿತು. ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ, ರಟ್ಟೀಹಳ್ಳಿಯ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, ತನ್ನ ಪದ್ಯ ಯಾವ ಪುಸ್ತಕದಲ್ಲಿಯೂ ಇಲ್ಲ, ಆದರೆ ಅದು ಮೊಬೈಲಿನಿಂದ ಬಂದದ್ದಲ್ಲ, ತನ್ನ ಅಜ್ಜಿ ಬೀಸುವಾಗ ಹೇಳುತ್ತಿದ್ದದ್ದು, ಅಜ್ಜಿಗೆ ಅವರ ತಾಯಿ ಕಲಿಸಿದ್ದು, ಹಾಗಾದರೆ ಅದು ಸುಳ್ಳೇ ಎಂದು ಕೇಳಿದಳು. ತಕ್ಷಣಕ್ಕೆ ನಮಗೆ ಉತ್ತರ ತೋಚಲಿಲ್ಲ. ಮುಂದಿನ ವಾರ ಅವಳು ಅಜ್ಜಿಯಿಂದ ಮತ್ತೊಮ್ಮೆ ಹೇಳಿಸಿ, ಪದ್ಯವನ್ನೂ, ಅಜ್ಜಿಯ ಹೆಸರು, ವಯಸ್ಸು, ತವರೂರುಗಳನ್ನೂ, ಕೇಳಿದ ದಿನವನ್ನೂ ಒಂದು ಹಾಳೆಯಲ್ಲಿ ಬರೆದು ತಂದಳು. ಕೊನೆಯಲ್ಲಿ ಬರೆದುಕೊಂಡವರು ಎಂದು ತನ್ನ ಸಹಿಯನ್ನೂ ಹಾಕಿದ್ದಳು. ಆ ಹಾಳೆಯನ್ನು ವಿಭಾಗದ ಕಡತದಲ್ಲಿ ಇಟ್ಟಿದ್ದೇವೆ.